ಕಾಲು ಮಾತ್ರೆ ಅಂದ್ರೆ ಎಷ್ಟು? ನಮ್ಮ ಜೂಲಿಗೆ ಹಾರ್ಟ್ ಮಾತ್ರೆ ಹಾಕೋದು ಕಲಿತ ಕಥೆ

ಜೂಲಿಗೆ ಈಗ ಹನ್ನೆರಡು ವರ್ಷ. ನಾವೆಲ್ಲ ಪಾಮೇರಿಯನ್ ಅಂತೀವಲ್ಲ ಆ ಬಿಳಿ ನಾಯಿ, ಡಾಕ್ಟ್ರು ಫೈಲಲ್ಲಿ ಇಂಡಿಯನ್ ಸ್ಪಿಟ್ಜ್ ಅಂತ ಬರೀತಾರೆ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಕೆಮ್ಮೋಕೆ ಶುರು ಮಾಡಿದ್ಲು, ಗಂಟಲಲ್ಲಿ ಏನೋ ಸಿಕ್ಕಾಕೊಂಡಂಗೆ ಕತ್ತು ಉದ್ದ ಮಾಡಿ ಖಕ್ ಖಕ್ ಅಂತ ಕೆಮ್ಮಿ ಕೊನೇಲಿ ವಾಂತಿ ಬಂದಂಗೆ ಮಾಡೋಳು, ಏನೂ ಬರ್ತಿರ್ಲಿಲ್ಲ. ಪಟಾಕಿ ಹೊಗೆ ಇರ್ಬೇಕು ಅಂದ್ಕೊಂಡ್ವಿ. ಅಮ್ಮ ಮೂಳೆ ಸಿಕ್ಕಿರ್ಬೇಕು ನೋಡೇ ಅಂತ ಟಾರ್ಚ್ ಹಿಡ್ಕೊಂಡು ಬಾಯೊಳಗೆಲ್ಲ ನೋಡಿದ್ಲು. ಹತ್ರದ ಕ್ಲಿನಿಕ್ಕಲ್ಲಿ ಕೆಮ್ಮಿನ ಸಿರಪ್ ಕೊಟ್ರು, ಹತ್ತು ದಿನ ಹಾಕಿದ್ವಿ, ಹಗಲು ಪರವಾಗಿಲ್ಲ ರಾತ್ರಿ ಮಾತ್ರ ಜಾಸ್ತಿ ಆಗ್ತಾ ಹೋಯ್ತು.

ಒಂದಿನ ರಾತ್ರಿ ಎರಡು ಗಂಟೆ ಹೊತ್ತಿಗೆ ನೋಡಿದ್ರೆ ಮಲಗ್ತಾನೇ ಇಲ್ಲ, ಮುಂಗಾಲು ಎರಡೂ ಅಗಲ ಮಾಡ್ಕೊಂಡು ಕೂತಿದಾಳೆ, ಮಲಗಿಸಿದ್ರೆ ಎದ್ದು ಎದ್ದು ಕೂರ್ತಾಳೆ, ಹೊಟ್ಟೆ ಪಕ್ಕೆ ಎಲ್ಲ ಒಳಗೆ ಎಳ್ಕೊಂಡು ಉಸಿರಾಡ್ತಿದಾಳೆ. ಪರಿಚಯದ ಡಾಕ್ಟ್ರಿಗೆ ಫೋನ್ ಮಾಡಿದೆ, ಪುಣ್ಯಾತ್ಮರು ಅಷ್ಟೊತ್ತಲ್ಲೂ ಸ್ಕೂಟರ್ ಹತ್ಕೊಂಡು ಬಂದ್ರು. ಸ್ಟೆತಾಸ್ಕೋಪ್ ಇಟ್ಟು ಒಂದು ನಿಮಿಷ ಕೇಳಿ, ಇದು ಕೆಮ್ಮಲ್ಲಮ್ಮ ಹಾರ್ಟು, ಶ್ವಾಸಕೋಶದಲ್ಲಿ ನೀರು ತುಂಬ್ತಾ ಇದೆ ಅಂದ್ರು. ಮೈಯಲ್ಲಿನ ನೀರು ಉಚ್ಚೆಲಿ ಹೊರಗೆ ಹಾಕೋ ಲೇಸಿಕ್ಸ್ ಇಂಜೆಕ್ಷನ್ ಹಾಕಿ, ಬೆಳಗ್ಗೆ ಹೆಬ್ಬಾಳಕ್ಕೆ ಕರ್ಕೊಂಡು ಹೋಗಿ ಎಕ್ಸ್‌ರೇ ಎಕೋ (ಹಾರ್ಟಿನ ಸ್ಕ್ಯಾನ್) ಎರಡೂ ಮಾಡಿಸಿ ಅಂದ್ರು. ಇಂಜೆಕ್ಷನ್ ಹಾಕಿ ಅರ್ಧ ಗಂಟೆಗೆ ಹಾಲಲ್ಲೇ ಉಚ್ಚೆ ಮಾಡ್ಕೊಂಡ್ಲು, ಅಷ್ಟು ಉಚ್ಚೆ ನಾನು ಯಾವತ್ತೂ ನೋಡಿರ್ಲಿಲ್ಲ, ಆಮೇಲೆ ಮೊದಲ ಸಲ ತಲೆ ನೆಲಕ್ಕೆ ಇಟ್ಟು ಮಲಗಿದ್ಲು.

ತುಮಕೂರಿಂದ ಬೆಳಗಿನ ಜಾವ ಹೊರಟು, ನೆಲಮಂಗಲ ದಾಟಿ ಗೊರಗುಂಟೆಪಾಳ್ಯದಲ್ಲಿ ಲಾರಿಗಳ ಮಧ್ಯೆ ಸಿಕ್ಕಾಕೊಂಡು, ಅಮ್ಮ ಹಿಂದಿನ ಸೀಟಲ್ಲಿ ಜೂಲಿನ ತೊಡೆ ಮೇಲೆ ಇಟ್ಕೊಂಡು ರಾಘವೇಂದ್ರ ಸ್ವಾಮಿ ನೆನೆಸ್ಕೊಳ್ತಾ, ಹೆಬ್ಬಾಳ ವೆಟರ್ನರಿ ಕಾಲೇಜು ತಲುಪಿದ್ವಿ. ಅಲ್ಲಿನ ಮೇಡಂ ಎಕೋ ಮಾಡ್ತಾ ಸ್ಕ್ರೀನ್ ತೋರಿಸಿದ್ರು. ಹಾರ್ಟಿನ ಎಡಗಡೆ ಇರೋ ಮೈಟ್ರಲ್ ವಾಲ್ವ್ ದಪ್ಪ ಆಗಿ ಬಾಗಿಲು ಸರಿಯಾಗಿ ಮುಚ್ಚಿಕೊಳ್ತಾ ಇಲ್ಲ, ಪಂಪ್ ಆದಾಗೆಲ್ಲ ಒಂದಿಷ್ಟು ರಕ್ತ ವಾಪಸ್ ಬರುತ್ತೆ, ಅದರಿಂದ ಮೇಲಿನ ಕೋಣೆ ಊದಿಕೊಂಡಿದೆ, ಒತ್ತಡ ಹಿಂದಕ್ಕೆ ಹೋಗಿ ಶ್ವಾಸಕೋಶದಲ್ಲಿ ನೀರು. ಆ ಕೋಣೆನ ಪಕ್ಕದ ದೊಡ್ಡ ರಕ್ತನಾಳದ ಜೊತೆ ಹೋಲಿಸಿ ಅಳೀತಾರೆ, 1.6ಕ್ಕಿಂತ ಕಮ್ಮಿ ಇರ್ಬೇಕು, ಜೂಲಿದು 2.1 ಇತ್ತು. ಚಿಕ್ಕ ಜಾತಿ ನಾಯಿಗಳಿಗೆ ವಯಸ್ಸಾದ ಮೇಲೆ ಬರೋ ಹಾರ್ಟ್ ಕಾಯಿಲೆ ಅಂದ್ರೆ ಬಹುಪಾಲು ಇದೇ ಅಂತೆ. ಎ, ಬಿ1, ಬಿ2, ಸಿ, ಡಿ ಅಂತ ಹಂತಗಳಿವೆ, ಒಂದ್ಸಲ ಶ್ವಾಸಕೋಶಕ್ಕೆ ನೀರು ಬಂತು ಅಂದ್ರೆ ಸಿ.

ಇಲ್ಲಿ ಒಂದು ಮಾತು ಹೇಳ್ಲೇಬೇಕು, ಇವತ್ತಿಗೂ ನನಗೆ ಹೊಟ್ಟೆ ಉರಿಯೋ ವಿಷಯ. ಎರಡು ವರ್ಷ ಮುಂಚೆ ರೇಬೀಸ್ ವ್ಯಾಕ್ಸಿನ್ ಹಾಕಿಸೋಕೆ ಹೋದಾಗ ಒಬ್ರು ಡಾಕ್ಟ್ರು ಎದೆ ಕೇಳಿ "ಹಾರ್ಟಲ್ಲಿ ಸ್ವಲ್ಪ ಶಬ್ದ ಇದೆ, ವಯಸ್ಸಾಯ್ತಲ್ಲ" ಅಂದಿದ್ರು. ಅವರೂ ಎಕೋ ಮಾಡ್ಸಿ ಅನ್ಲಿಲ್ಲ, ನಾನೂ ಕೇಳ್ಲಿಲ್ಲ. ಆಮೇಲೆ ಗೊತ್ತಾಯ್ತು, 2016ರಲ್ಲಿ ಬಂದ ಎಪಿಕ್ ಅನ್ನೋ ದೊಡ್ಡ ಅಧ್ಯಯನದಲ್ಲಿ 360 ನಾಯಿಗಳನ್ನ ನೋಡಿದಾರೆ, ಶಬ್ದ ಇದ್ದು ಹಾರ್ಟ್ ದೊಡ್ಡದಾಗಿದ್ದು ಇನ್ನೂ ನೀರು ತುಂಬಿರದ ನಾಯಿಗಳಿಗೆ, ಅಂದ್ರೆ ಬಿ2 ಹಂತದಲ್ಲೇ, ಹಾರ್ಟ್ ಪಂಪ್ ಮಾಡೋಕೆ ಬಲ ಕೊಡೋ ಪಿಮೊಬೆಂಡಾನ್ ಮಾತ್ರೆ ಶುರು ಮಾಡಿದ್ರೆ ಈ ಸಿ ಹಂತ ಬರೋದು ಸುಮಾರು 15 ತಿಂಗಳು ಮುಂದಕ್ಕೆ ಹೋಗುತ್ತಂತೆ. ಹದಿನೈದು ತಿಂಗಳು ನಾಯಿ ಆಯಸ್ಸಲ್ಲಿ ಸಣ್ಣ ಮಾತಲ್ಲ. ಹಾಗಂತ ಶಬ್ದ ಕೇಳಿಸಿದ ತಕ್ಷಣ ಮಾತ್ರೆ ಶುರು ಮಾಡೋದೂ ಸರಿಯಲ್ಲ, ಹಾರ್ಟ್ ದೊಡ್ಡದಾಗಿದೆಯಾ ಅಂತ ಎಕ್ಸ್‌ರೇ ಎಕೋದಲ್ಲಿ ನೋಡೇ ನಿರ್ಧಾರ ಮಾಡೋದು. ನಿಮ್ಮ ನಾಯಿಗೆ ಯಾರಾದ್ರೂ "ಸ್ವಲ್ಪ ಶಬ್ದ" ಅಂದ್ರೆ ದಯವಿಟ್ಟು ಅಲ್ಲಿಗೇ ಬಿಡಬೇಡಿ.

ಈಗ ಮಾತ್ರೆ ವಿಷಯಕ್ಕೆ ಬರ್ತೀನಿ. ಜೂಲಿ ಆವತ್ತು ಸರಿಯಾಗಿ 8 ಕೆಜಿ ಇದ್ಲು. ನಾಲ್ಕು ಮಾತ್ರೆ ಬರೆದ್ರು. ಪಿಮೊಬೆಂಡಾನ್ 1.25 ಎಂಜಿದು ಒಂದೂವರೆ, ಬೆಳಗ್ಗೆ ಸಂಜೆ. ಫ್ಯೂರೋಸೆಮೈಡ್ ಅಂದ್ರೆ ಲೇಸಿಕ್ಸ್ 40 ಎಂಜಿದು ಕಾಲು, ಬೆಳಗ್ಗೆ ಸಂಜೆ. ರಕ್ತನಾಳ ಸಡಿಲ ಮಾಡೋ ಎನಾಲಪ್ರಿಲ್ 2.5 ಎಂಜಿ ಒಂದು, ಅದೂ ಎರಡು ಹೊತ್ತು. ಇನ್ನೊಂದು ನೀರು ತೆಗೆಯೋ ಮಾತ್ರೆ ಸ್ಪೈರೊನೊಲ್ಯಾಕ್ಟೋನ್ 25 ಎಂಜಿದು ಅರ್ಧ, ದಿನಕ್ಕೊಂದು ಸಲ. ನಾನು ತಲೆ ಆಡಿಸ್ತಾ ಚೀಟಿ ಬ್ಯಾಗಿಗೆ ಹಾಕೋಕೆ ಹೋದ್ರೆ ಮೇಡಂ ಚೀಟಿ ವಾಪಸ್ ಇಸ್ಕೊಂಡು, ಕೂತ್ಕೋಮ್ಮ ಅಂತ ಕೂರಿಸಿ ಪ್ರತಿಯೊಂದರ ಪಕ್ಕ ಮಿಲಿಗ್ರಾಂ ಲೆಕ್ಕ ನನ್ನ ಕೈಲೇ ಬರೆಸಿದ್ರು. ಪಿಮೊಬೆಂಡಾನ್ ಕೆಜಿಗೆ ಸುಮಾರು 0.25 ಎಂಜಿ ಒಂದು ಹೊತ್ತಿಗೆ, 8 ಕೆಜಿಗೆ 2 ಎಂಜಿ, ಒಂದೂವರೆ ಮಾತ್ರೆ ಅಂದ್ರೆ 1.87, ಹತ್ರ ಬಂತು. ಲೇಸಿಕ್ಸ್ ಕಾಲು ಅಂದ್ರೆ 10 ಎಂಜಿ, ಕೆಜಿಗೆ 1.25. "ನಾಳೆ ಅಂಗಡೀಲಿ ಬೇರೆ ಪವರಿಂದು ಸಿಗುತ್ತೆ, ಆಗ ಕಾಲು ಅನ್ನೋ ಮಾತಿಗೆ ಅರ್ಥನೇ ಇರಲ್ಲ. ನಿಂಗೆ ನೆನಪಿರಬೇಕಾಗಿದ್ದು ಹತ್ತು ಎಂಜಿ ಅನ್ನೋದು, ಕಾಲು ಅನ್ನೋದಲ್ಲ" ಅಂದ್ರು. ನಾನು ಬರ್ಕೊಂಡೆ. ಆದ್ರೆ ಆ ಮಾತು ಮನೇಲಿ ಎಲ್ರಿಗೂ ಹೇಳ್ಬೇಕಿತ್ತು, ಹೇಳ್ಲಿಲ್ಲ, ಅದರ ಕಥೆ ಮುಂದಿದೆ.

ಮೊದಲ ವಾರ ಮಾತ್ರೆ ಹಾಕೋದೇ ದೊಡ್ಡ ಕೆಲಸ ಆಯ್ತು. ಲೇಸಿಕ್ಸ್ ಮಾತ್ರೆ ಚಿಕ್ಕದು, ಚಾಕುವಲ್ಲಿ ಕಾಲು ಮಾಡೋಕೆ ಹೋದ್ರೆ ಒಂದು ಚೂರು ಒಲೆ ಕೆಳಗೆ ಹಾರುತ್ತೆ, ಇನ್ನೊಂದು ಪುಡಿ. ಮೆಡಿಕಲ್ಲಲ್ಲಿ ಮಾತ್ರೆ ಕತ್ತರಿಸೋ ಪ್ಲಾಸ್ಟಿಕ್ ಡಬ್ಬಿ ಸಿಗುತ್ತೆ, ಒಳಗೆ ಬ್ಲೇಡ್ ಇರುತ್ತೆ, ಅದು ತಂದ ಮೇಲೆ ಅರ್ಧ ಸರಿಯಾಗಿ ಬಂತು, ಕಾಲು ಮಾತ್ರ ಆಗಲೂ ಒಂದು ದಪ್ಪ ಒಂದು ಸಣ್ಣ. ಮೇಡಂಗೆ ಫೋಟೋ ಕಳಿಸಿ ಕೇಳಿದ್ರೆ ಒಂದು ಉಪಾಯ ಹೇಳ್ಕೊಟ್ರು. ಒಂದು ಮಾತ್ರೆ ಕತ್ತರಿಸಿದ್ರೆ ಅದರ ನಾಲ್ಕು ಚೂರೂ ಮುಗಿಯೋವರೆಗೆ ಬೇರೆ ಮಾತ್ರೆ ಮುಟ್ಟಬೇಡ, ಎರಡು ದಿನದಲ್ಲಿ ಆ ನಾಲ್ಕು ಚೂರು ಹೊಟ್ಟೆಗೆ ಹೋಗುತ್ತೆ, ಇವತ್ತು ಸ್ವಲ್ಪ ಕಮ್ಮಿ ಆಗಿದ್ದು ನಾಳೆ ಸರಿ ಹೋಗುತ್ತೆ. ಇಡೀ ಸ್ಟ್ರಿಪ್ ಒಂದೇ ದಿನ ಕತ್ತರಿಸಿ ಡಬ್ಬಿಗೆ ಹಾಕಿಟ್ರೆ ಮಳೆಗಾಲದಲ್ಲಿ ಮೆತ್ತಗಾಗುತ್ತೆ, ದಪ್ಪ ಚೂರೆಲ್ಲ ಒಂದೇ ವಾರದಲ್ಲಿ ಹೋದ್ರೂ ಹೋಯ್ತು. ಈಗಲೂ ಹಂಗೇ ಮಾಡ್ತೀವಿ, ಒಂದು ಚಿಕ್ಕ ಕುಂಕುಮದ ಭರಣಿಲಿ ಆ ಎರಡು ದಿನದ ಚೂರು ಮಾತ್ರ ಇರುತ್ತೆ.

ಇನ್ನೊಂದು ತಪ್ಪು ಅಮ್ಮಂದು, ಪ್ರೀತಿಯಿಂದ ಆಗಿದ್ದು. ನಾಲ್ಕೂ ಮಾತ್ರೆ ಮೊಸರನ್ನದ ಉಂಡೆ ಒಳಗೆ ಇಟ್ಟು ಊಟದ ಜೊತೆ ತಿನ್ನಿಸ್ತಿದ್ಲು, ಖಾಲಿ ಹೊಟ್ಟೇಲಿ ಮಾತ್ರೆ ಹಾಕಿದ್ರೆ ಉರಿ ಆಗುತ್ತೆ ಪಾಪ ಅಂತ. ಪಿಮೊಬೆಂಡಾನ್ ಮಾತ್ರ ಖಾಲಿ ಹೊಟ್ಟೇಲೇ ಹಾಕ್ಬೇಕು, ಊಟಕ್ಕೆ ಸುಮಾರು ಒಂದು ಗಂಟೆ ಮುಂಚೆ, ಹೊಟ್ಟೆ ತುಂಬ ಇದ್ರೆ ಅದು ರಕ್ತಕ್ಕೆ ಸೇರೋದು ಕಮ್ಮಿ ಆಗುತ್ತೆ. ಅವತ್ತಿಂದ ಬೆಳಗ್ಗೆ ಆರೂವರೆಗೆ ಪಿಮೊಬೆಂಡಾನ್, ಏಳೂವರೆಗೆ ಊಟ ಮತ್ತೆ ಮಿಕ್ಕ ಮಾತ್ರೆ, ಸಂಜೆನೂ ಅದೇ ಟೈಮು. ಹನ್ನೆರಡು ಗಂಟೆ ಅಂತರ ಅಂದ್ರೆ ಹನ್ನೆರಡು ಗಂಟೆನೇ, ಮದುವೆ ಮುಂಜಿ ಏನಿದ್ರೂ ಒಬ್ರು ಮನೇಲಿ ಇರ್ತೀವಿ.

ಮಾತ್ರೆ ಮುಚ್ಚಿ ಕೊಡೋಕೆ ಮುಂಚೆ ಚೀಸ್, ಬ್ರೆಡ್ಡು, ಹಪ್ಪಳದ ಚೂರು ಏನೇನೋ ಕೊಡ್ತಿದ್ವಿ, ಅದರಲ್ಲೆಲ್ಲ ಉಪ್ಪು ಇರುತ್ತೆ, ಉಪ್ಪು ಮೈಯಲ್ಲಿ ನೀರು ಹಿಡಿದಿಟ್ಕೊಳ್ಳುತ್ತೆ, ಒಂದು ಕೈಯಲ್ಲಿ ನೀರು ತೆಗೆಯೋ ಮಾತ್ರೆ ಹಾಕಿ ಇನ್ನೊಂದು ಕೈಯಲ್ಲಿ ನೀರು ತುಂಬ್ಸಿದಂಗೆ. ಈಗ ಬೇಯಿಸಿದ ಸಿಹಿಗೆಣಸಿನ ಚಿಕ್ಕ ಉಂಡೆ, ಅಡಿಕೆ ಗಾತ್ರ ಅಷ್ಟೇ. ಕುಡಿಯೋ ನೀರು ಮಾತ್ರ ಯಾವತ್ತೂ ಕಮ್ಮಿ ಮಾಡ್ಬಾರ್ದು. ಉಚ್ಚೆ ಜಾಸ್ತಿ ಮಾಡ್ತಾಳೆ ಅಂತ ರಾತ್ರಿ ನೀರಿನ ಬಟ್ಟಲು ಎತ್ತಿಡೋರು ಇದಾರೆ, ಹಂಗೆ ಮಾಡಿದ್ರೆ ಕಿಡ್ನಿಗೆ ನೇರ ಹೊಡೆತ. ನಮ್ಮನೇಲಿ ಹಳೇ ಪೇಪರ್ ಹಾಸ್ತೀವಿ, ಬೆಳಗ್ಗೆ ಒರೆಸ್ತೀವಿ, ಅಷ್ಟೇ.

ಮಾತ್ರೆ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ಮನೇಲೇ ತಿಳ್ಕೊಳ್ಳೋ ದಾರಿ ಉಸಿರು ಎಣಿಸೋದು. ಗಾಢವಾಗಿ ಮಲಗಿದಾಗ, ಕನಸು ಕಾಣ್ತಾ ಕಾಲು ಆಡಿಸ್ತಿರುವಾಗ ಅಲ್ಲ, ಪಕ್ಕೆ ಒಂದ್ಸಲ ಮೇಲೆ ಹೋಗಿ ಕೆಳಗೆ ಬಂದ್ರೆ ಒಂದು. ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸೋದು. ನಿಮಿಷಕ್ಕೆ 30ರ ಒಳಗೆ ಇರ್ಬೇಕು. ಆ ಮೊದಲ ರಾತ್ರಿ 52 ಇತ್ತು, ಮಾತ್ರೆ ಶುರುವಾಗಿ ನಾಲ್ಕು ದಿನಕ್ಕೆ 24ಕ್ಕೆ ಬಂತು. ಅಪ್ಪ ಅಡುಗೆಮನೆ ಗೋಡೆ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಲ್ಲಿ ಪ್ರತಿ ತಾರೀಕಿನ ಕೆಳಗೆ ಸಣ್ಣಕೆ ಬರೀತಾರೆ, ಏಕಾದಶಿ ಪಕ್ಕದಲ್ಲಿ 22, ಅಮಾವಾಸ್ಯೆ ಪಕ್ಕದಲ್ಲಿ 24. ಮಾತ್ರೆ ಹಾಕಿದವರು ಬೆಳಗ್ಗೆದಕ್ಕೆ ಒಂದು ಗೆರೆ, ಸಂಜೇದಕ್ಕೆ ಒಂದು ಗೆರೆ. ಆ ಗೆರೆ ಇಲ್ಲದೆ ಇದ್ದಾಗ ಒಂದ್ಸಲ ಅಮ್ಮನೂ ನಾನೂ ಇಬ್ರೂ ಎನಾಲಪ್ರಿಲ್ ಹಾಕಿಬಿಟ್ಟಿದ್ವಿ, ಡಾಕ್ಟ್ರಿಗೆ ಫೋನ್ ಮಾಡಿ ಆ ಸಂಜೆದು ಬಿಟ್ವಿ, ದೇವರ ದಯೆ ಏನೂ ಆಗ್ಲಿಲ್ಲ. ಮರೆತು ಹೋದ್ರೆ ಏನು ಅಂತಲೂ ಆಗ ಕೇಳಿದೆ. ಒಂದೆರಡು ಗಂಟೆಲಿ ನೆನಪಾದ್ರೆ ಹಾಕು, ಮುಂದಿನ ಹೊತ್ತು ಹತ್ರ ಬಂದಿದ್ರೆ ಬಿಟ್ಟುಬಿಡು, ಎರಡು ಸೇರಿಸಿ ಮಾತ್ರ ಯಾವ ಕಾರಣಕ್ಕೂ ಹಾಕ್ಬೇಡ ಅಂದ್ರು. ಮಾತ್ರೆ ಹಾಕಿದ ಮೇಲೆ ವಾಂತಿ ಮಾಡ್ಕೊಂಡ್ರೂ ಅಷ್ಟೇ, ನಾವಾಗೇ ಇನ್ನೊಂದು ಹಾಕೋದಲ್ಲ, ಕೇಳಿ ಹಾಕೋದು.

ಇನ್ನು ಆ ಕಥೆ. ಫೆಬ್ರವರಿಲಿ ನಾನು ಟ್ರೈನಿಂಗಿಗೆ ಅಂತ ಮೂರು ದಿನ ಧಾರವಾಡಕ್ಕೆ ಹೋಗಿದ್ದೆ. ಲೇಸಿಕ್ಸ್ ಮುಗಿದಿತ್ತು, ಅಪ್ಪ ಅಂಗಡಿಗೆ ಹೋಗಿದಾರೆ, ಅದು ಸ್ಟಾಕ್ ಇಲ್ಲ ಅಂತ ಅವರು ಟಾರ್ಸೆಮೈಡ್ 10 ಎಂಜಿ ಕೊಟ್ಟು "ಎರಡೂ ಒಂದೇ ಸಾರ್, ಮೂತ್ರ ಹೋಗೋ ಮಾತ್ರೆ" ಅಂದಿದಾರೆ. ಅಪ್ಪ ಯಾವಾಗಲೂ ಹಾಕೋ ಹಂಗೆ ಅದರಲ್ಲೂ ಕಾಲು ಕಾಲು ಹಾಕಿದಾರೆ. ನಲವತ್ತರಿಂದ ಹತ್ತಕ್ಕೆ ಇಳಿದಿದೆ, ಪವರ್ ಕಮ್ಮಿ ಇರ್ಬೇಕು ಅಂತ ಅವರ ಲೆಕ್ಕ, ಯಾರಿಗಾದ್ರೂ ಹಂಗೇ ಅನ್ಸುತ್ತೆ. ನಿಜ ಏನಂದ್ರೆ ಟಾರ್ಸೆಮೈಡ್ ಎಂಜಿಗೆ ಎಂಜಿ ಹೋಲಿಸಿದ್ರೆ ಲೇಸಿಕ್ಸಿಗಿಂತ ಸುಮಾರು ಹತ್ತರಿಂದ ಇಪ್ಪತ್ತು ಪಟ್ಟು ಜೋರು. ಕಾಲು ಮಾತ್ರೆ 2.5 ಎಂಜಿ, ಅಂದ್ರೆ ಲೇಸಿಕ್ಸ್ ಲೆಕ್ಕದಲ್ಲಿ 25ರಿಂದ 50 ಎಂಜಿ. ಹತ್ತು ಹೋಗ್ಬೇಕಿದ್ದ ಕಡೆ ಅಷ್ಟು ಹೋಗಿದೆ, ಅದೂ ದಿನಕ್ಕೆರಡು ಸಲ, ಎರಡೂವರೆ ದಿನ.

ನಾನು ವಾಪಸ್ ಬಂದಾಗ ಗೇಟ್ ಸದ್ದಿಗೆ ಜೂಲಿ ಬರ್ಲಿಲ್ಲ. ಮೂಲೆಲಿ ಮಲಗಿದಾಳೆ, ಕರೆದ್ರೆ ಬಾಲ ಮಾತ್ರ ಅಲ್ಲಾಡುತ್ತೆ, ಎಬ್ಬಿಸಿದ್ರೆ ಹಿಂಗಾಲು ತೂರಾಡುತ್ತೆ. ವಸಡು ಮುಟ್ಟಿದ್ರೆ ಒದ್ದೆ ಇಲ್ಲ, ಬೆರಳು ಅಂಟುತ್ತೆ. ಉಸಿರು ಎಣಿಸಿದ್ರೆ 20, ಚೆನ್ನಾಗಿದೆ, ಅದಕ್ಕೇ ಅಪ್ಪನಿಗೆ ಏನೂ ಅನುಮಾನ ಬಂದಿಲ್ಲ, ಕ್ಯಾಲೆಂಡರಲ್ಲಿ ಖುಷಿಯಾಗಿ 20 ಅಂತ ಬರೆದಿದಾರೆ. ಕುಂಕುಮದ ಭರಣಿ ತೆಗೆದ್ರೆ ಮಾತ್ರೆ ಬೇರೆ ಥರ ಕಾಣ್ತು, ಸ್ಟ್ರಿಪ್ ತೆಗೆದು ಹಿಂದೆ ಓದಿದೆ, ಕೈಕಾಲು ತಣ್ಣಗಾಯ್ತು. ರಕ್ತ ಪರೀಕ್ಷೆಲಿ ಕಿಡ್ನಿ ಸೋತ್ರೆ ಏರೋ ಕ್ರಿಯಾಟಿನಿನ್ 2.4, ಶುರುಲಿ 1.1 ಇದ್ದಿದ್ದು, ಪೊಟ್ಯಾಸಿಯಂ 3.1ಕ್ಕೆ ಇಳಿದಿತ್ತು. ಬೇರೆ ನಾಯಿ ಆಗಿದ್ರೆ ಡ್ರಿಪ್ ಹಾಕಿ ಸರಿ ಮಾಡ್ತಿದ್ರು, ಇವಳಿಗೆ ಡ್ರಿಪ್ ಜೋರಾಗಿ ಹಾಕಿದ್ರೆ ಮತ್ತೆ ಶ್ವಾಸಕೋಶಕ್ಕೆ ನೀರು, ಆ ಕಡೆ ಬಾವಿ ಈ ಕಡೆ ಕೆರೆ. ನೀರಿನ ಮಾತ್ರೆನೂ ಎನಾಲಪ್ರಿಲ್ಲೂ ನಿಲ್ಲಿಸಿದ್ರು, ಪಿಮೊಬೆಂಡಾನ್ ಮಾತ್ರ ಇರ್ಲಿ ಅಂದ್ರು, ಅವಳಾಗೇ ನೀರು ಕುಡಿಯೋ ಹಂಗೆ ಮಾಡಿ ಅಂದ್ರು. ಉಪ್ಪು ಹಾಕದೆ ಚಿಕನ್ ಬೇಯಿಸಿದ ನೀರನ್ನ ಅಮ್ಮ ಅರ್ಧ ಗಂಟೆಗೊಂದು ಸಲ ಚಮಚದಲ್ಲಿ ನೆಕ್ಕಿಸಿದ್ಲು, ನಾನು ಗಂಟೆಗೊಂದ್ಸಲ ಉಸಿರು ಎಣಿಸ್ತಾ ಕೂತೆ. ಎರಡನೇ ದಿನ ರಾತ್ರಿ 30 ದಾಟಿ 34 ಆಯ್ತು, ಫೋನ್ ಮಾಡಿದೆ, ಈಗ ಲೇಸಿಕ್ಸ್ 10 ಎಂಜಿ ಶುರು ಮಾಡು ಅಂದ್ರು. ಹತ್ತು ದಿನಕ್ಕೆ ಕ್ರಿಯಾಟಿನಿನ್ 1.6ಕ್ಕೆ ಬಂತು, ಎನಾಲಪ್ರಿಲ್ ಮತ್ತೆ ಸೇರಿಸಿದ್ರು.

ಅಪ್ಪ ಆ ಎರಡು ದಿನ ಊಟ ಮಾಡ್ಲಿಲ್ಲ. ನಾನೇ ಸಾಯ್ಸಿಬಿಡ್ತಿದ್ನಲ್ಲೇ ಅಂತ ಒಂದೇ ಮಾತು. ತಪ್ಪು ಅವರದಲ್ಲ, ನಾನು "ಕಾಲು ಹಾಕಿ" ಅಂತ ಹೇಳಿ ಹೋಗಿದ್ದೆ, "ಫ್ಯೂರೋಸೆಮೈಡ್ ಹತ್ತು ಎಂಜಿ" ಅಂತ ಹೇಳಿರ್ಲಿಲ್ಲ. ಮೇಡಂ ಕೂರಿಸಿ ಬರೆಸಿದ್ದು ನನ್ನ ಬ್ಯಾಗಲ್ಲೇ ಇತ್ತು. ಅವತ್ತೇ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದೆ, ಔಷಧಿ ಹೆಸರು, ಒಂದು ಹೊತ್ತಿಗೆ ಎಷ್ಟು ಎಂಜಿ, ಈಗಿರೋ ಮಾತ್ರೆ ಎಷ್ಟು ಎಂಜಿದು, ಹಾಗಾಗಿ ಎಷ್ಟು ಚೂರು, ಕೆಳಗೆ ಡಾಕ್ಟ್ರ ನಂಬರ್. ಅಪ್ಪ ಈಗ ಅಂಗಡಿಗೆ ಖಾಲಿ ಸ್ಟ್ರಿಪ್ ತಗೊಂಡೇ ಹೋಗ್ತಾರೆ, ಕನ್ನಡಕ ಹಾಕ್ಕೊಂಡು ಕಂಪನಿ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರದ ಔಷಧಿ ಹೆಸರು ಒಂದೊಂದೇ ಅಕ್ಷರ ಹೊಂದಿಸಿ ನೋಡ್ತಾರೆ, ಬೇರೆ ಇದ್ರೆ ಬೇಡ ಅಂತ ವಾಪಸ್ ಬಂದು ನನಗೆ ಫೋನ್ ಮಾಡ್ತಾರೆ.

ಮನುಷ್ಯರ ಮಾತ್ರೆ ಬಗ್ಗೆ ಇನ್ನೊಂದೆರಡು. ನಮ್ಮ ದೊಡ್ಡಪ್ಪ ಮನೆಗೆ ಬಂದಾಗ "ನಂದೂ ಹಾರ್ಟಿನ ಮಾತ್ರೆನೇ, ಅರ್ಧ ಹಾಕಿ ನೋಡು" ಅಂತ ಡಿಗಾಕ್ಸಿನ್ ತೆಗೆದ್ರು. ನಾಯಿಗೂ ಅದನ್ನ ಕೆಲವು ಸಲ ಕೊಡ್ತಾರೆ, ಆದ್ರೆ 8 ಕೆಜಿ ನಾಯಿಗೆ ಒಂದು ಹೊತ್ತಿಗೆ 0.02ರಿಂದ 0.04 ಎಂಜಿ, ದೊಡ್ಡಪ್ಪನ ಮಾತ್ರೆ 0.25 ಎಂಜಿ, ಅರ್ಧ ಅಂದ್ರೂ ಮೂರರಿಂದ ಆರು ಪಟ್ಟು. ಗುಣ ಮಾಡೋ ಪ್ರಮಾಣಕ್ಕೂ ವಿಷ ಆಗೋ ಪ್ರಮಾಣಕ್ಕೂ ಅದರಲ್ಲಿ ಅಂತರ ತೀರಾ ಕಮ್ಮಿ, ಕೊಡೋರೂ ರಕ್ತದಲ್ಲಿ ಎಷ್ಟಿದೆ ಅಂತ ಟೆಸ್ಟ್ ಮಾಡಿಸ್ಕೊಂಡೇ ಕೊಡ್ತಾರೆ. ನೋವಿನ ಮಾತ್ರೆದು ಬೇರೆ ಅಪಾಯ. ಜೂಲಿಗೆ ಮಂಡಿ ನೋವೂ ಇದೆ, ಮುಂಚೆ ಮೆಲಾಕ್ಸಿಕ್ಯಾಮ್ ಹಾಕ್ತಿದ್ವಿ. ಲೇಸಿಕ್ಸು ಎನಾಲಪ್ರಿಲ್ಲು ಇರೋವಾಗ ಅದೂ ಸೇರಿದ್ರೆ ಮೂರೂ ಸೇರಿ ಕಿಡ್ನಿ ಕೆಡಿಸುತ್ತೆ, ಅದಕ್ಕೆ ಹೊಸ ಡಾಕ್ಟ್ರ ಹತ್ರ ಹೋದ್ರೆ, ಹಲ್ಲಿಗೆ ಕಿವಿಗೆ ಏನಕ್ಕೇ ಹೋದ್ರೂ, ಆ ರಟ್ಟಿನ ಫೋಟೋ ಮೊದಲು ತೋರಿಸ್ತೀನಿ. ಪಿಮೊಬೆಂಡಾನ್‌ದು ಅಗಿಯೋ ಮಾತ್ರೆ ಮಾಂಸದ ವಾಸನೆ ಬರುತ್ತೆ, ಡಬ್ಬಿ ಕೈಗೆ ಸಿಕ್ರೆ ನಾಯಿ ಪೂರ್ತಿ ತಿಂದುಬಿಡುತ್ತೆ, ಅಟ್ಟದ ಮೇಲಿಡಿ.

ತೂಕನೂ ನೋಡ್ತಾ ಇರಬೇಕು, ಲೆಕ್ಕ ಎಲ್ಲ ಕೆಜಿ ಮೇಲೇ ನಿಂತಿರೋದು. ನಾನು ಅವಳನ್ನ ಎತ್ಕೊಂಡು ತೂಕದ ಮಿಷನ್ ಮೇಲೆ ನಿಂತು, ಆಮೇಲೆ ಒಬ್ಳೇ ನಿಂತು ಕಳೀತೀನಿ, ಹದಿನೈದು ದಿನಕ್ಕೊಂದ್ಸಲ. ಈಗ 7.2 ಆಗಿದಾಳೆ, ಬೆನ್ನ ಮೇಲೆ ಕೈ ಆಡಿಸಿದ್ರೆ ಮೂಳೆ ಸಿಗುತ್ತೆ, ಹಾರ್ಟ್ ಕಾಯಿಲೆಲಿ ಮಾಂಸ ಕರಗುತ್ತಂತೆ. ಹೋದ ತಿಂಗಳು ಮಲಗಿದಾಗಿನ ಉಸಿರು ಮೂರು ದಿನ ಸತತ 32, 34, 36 ಅಂತ ಏರಿತು. ಕೆಮ್ಮು ಇನ್ನೂ ಬಂದಿರ್ಲಿಲ್ಲ, ಊಟನೂ ಮಾಡ್ತಿದ್ಲು, ಕ್ಯಾಲೆಂಡರ್ ಒಂದೇ ಹೇಳಿದ್ದು. ಫೋಟೋ ತೆಗೆದು ಕಳಿಸಿದೆ, ರಾತ್ರಿ ಎರಡು ಗಂಟೆ ಓಡಾಟ ಏನೂ ಇಲ್ಲದೆ ಹಗಲಲ್ಲೇ ಹೋಗಿ ತೋರಿಸ್ಕೊಂಡು ಬಂದ್ವಿ. ಲೇಸಿಕ್ಸ್ 10 ಎಂಜಿನೇ ಈಗ ಮೂರು ಹೊತ್ತು, ಬೆಳಗ್ಗೆ ಸಂಜೆ ಏಳೂವರೆ ಜೊತೆ ಮಧ್ಯಾಹ್ನ ಮೂರು ಗಂಟೆಗೂ ಒಂದು ಗೆರೆ ಸೇರಿದೆ, ಅದು ಅಪ್ಪಂದು. ಪ್ರಮಾಣ ಏರಿಸಿದ ಹತ್ತು ದಿನಕ್ಕೆ ಕಿಡ್ನಿ ಪೊಟ್ಯಾಸಿಯಂ ಮತ್ತೆ ನೋಡ್ಬೇಕು ಅಂದಿದಾರೆ, ಈ ಶನಿವಾರ ರಕ್ತ ಕೊಡೋಕೆ ಹೋಗ್ತಿದೀವಿ. ನಿನ್ನೆ ರಾತ್ರಿ 26 ಇತ್ತು.